ನೆರಳು ತೋರುವ ಗಂಟೆ, ಗಡಿಯಾರ ಹೇಳುವ ಗಂಟೆ

ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಗಂಟೆಗೊಮ್ಮೆ ಅದರ ನೆರಳಿನ ಗುಂಟ ಗೆರೆ ಎಳೆದರೆ ನೆರಳು ಗಡಿಯಾರ ಸಿದ್ಧ ಎಂದು ನಾನು ಬಹಳ ಕಾಲ ನಂಬಿದ್ದೆ. ಎರಡು ತಿಂಗಳು ಕಳೆದು ನೋಡಿದಾಗ, ಬೆಳಗಿನ ಒಂಬತ್ತಕ್ಕೆ ನೆರಳು ಒಂಬತ್ತರ ಗೆರೆಯ ಮೇಲೆ ಇರಲಿಲ್ಲ. ಈ ವಿಷಯದ ಮೊದಲ ಪಾಠ ಅಲ್ಲಿಯೇ ಇದೆ.

ಸೂರ್ಯ ದಿನವಿಡೀ ಸುತ್ತುವಂತೆ ಕಾಣುವುದು ಭೂಮಿಯ ಅಕ್ಷದ ಸುತ್ತ, ನಮ್ಮ ನೆತ್ತಿಯ ಮೇಲಿನ ಲಂಬರೇಖೆಯ ಸುತ್ತ ಅಲ್ಲ. ಹಾಗಾಗಿ ನೆಟ್ಟಗಿನ ಕೋಲಿನ ನೆರಳು ಒಂದೇ ಹೊತ್ತಿಗೆ ಒಂದೊಂದು ಋತುವಿನಲ್ಲಿ ಒಂದೊಂದು ದಿಕ್ಕಿಗೆ ಬೀಳುತ್ತದೆ. ಕೋಲನ್ನು ಅಕ್ಷಕ್ಕೆ ಸಮಾಂತರವಾಗಿ ಓರೆ ಮಾಡಿ ನೋಡಿ. ಸೂರ್ಯ ಆಕಾಶದಲ್ಲಿ ಮೇಲಿರಲಿ, ಕೆಳಗಿರಲಿ, ನಿರ್ದಿಷ್ಟ ಗಂಟೆಗೆ ಅವನು ಆ ಕೋಲಿನ ಮೂಲಕ ಹಾದುಹೋಗುವ ಒಂದೇ ಸಮತಲದಲ್ಲಿ ಇರುತ್ತಾನೆ. ನೆರಳು ವರ್ಷಪೂರ್ತಿ ಅದೇ ಗೆರೆಯ ಮೇಲೆ ಬೀಳುತ್ತದೆ. ಈ ಕೋಲಿಗೆ ಶಂಕು ಎನ್ನೋಣ. ಅದು ನೆಲದೊಂದಿಗೆ ಮಾಡುವ ಕೋನ ಆ ಸ್ಥಳದ ಅಕ್ಷಾಂಶಕ್ಕೆ ಸಮ. ತುದಿ ಉತ್ತರಾರ್ಧಗೋಳದಲ್ಲಿ ನಿಜವಾದ ಉತ್ತರಕ್ಕೆ, ದಕ್ಷಿಣಾರ್ಧಗೋಳದಲ್ಲಿ ದಕ್ಷಿಣಕ್ಕೆ. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರವನ್ನು. ಅದನ್ನೇ ನೆಚ್ಚಿಕೊಂಡರೆ ಶಂಕು ತಪ್ಪು ದಿಕ್ಕಿಗೆ ನಿಲ್ಲುತ್ತದೆ.

ಇನ್ನು ನೆರಳು ಬೀಳುವ ಫಲಕ. ಫಲಕವನ್ನು ಶಂಕುವಿಗೆ ಲಂಬವಾಗಿ, ಅಂದರೆ ಭೂಮಧ್ಯರೇಖೆಯ ಸಮತಲಕ್ಕೆ ಸಮಾಂತರವಾಗಿ ಇಟ್ಟರೆ ಲೆಕ್ಕವೇ ಬೇಡ: ಗಂಟೆಗೆ 15 ಡಿಗ್ರಿಯಂತೆ ಗೆರೆಗಳು ಸಮವಾಗಿ ಕೂಡುತ್ತವೆ. ಆದರೆ ಅರ್ಧ ವರ್ಷ ನೆರಳು ಫಲಕದ ಮೇಲ್ಮುಖದಲ್ಲಿ, ಇನ್ನರ್ಧ ವರ್ಷ ಕೆಳಮುಖದಲ್ಲಿ ಬೀಳುವುದರಿಂದ ಎರಡೂ ಕಡೆ ಗೆರೆ ಹಾಕಬೇಕು. ಫಲಕವನ್ನು ನೆಲಕ್ಕೆ ಸಮನಾಗಿ ಮಲಗಿಸಿದರೆ ಗೆರೆಗಳ ಅಂತರ ಅಸಮವಾಗುತ್ತದೆ. ಆಗ ಬೇಕಾದ ಸೂತ್ರ ಇದು: ಮಧ್ಯಾಹ್ನದ ಗೆರೆಯಿಂದ ಅಳೆದ ಕೋನದ ಟ್ಯಾನ್ ಬೆಲೆ = ಅಕ್ಷಾಂಶದ ಸೈನ್ × (15 ಡಿಗ್ರಿ × ಮಧ್ಯಾಹ್ನದಿಂದ ಕಳೆದ ಗಂಟೆಗಳು) ಎಂಬುದರ ಟ್ಯಾನ್. 30 ಡಿಗ್ರಿ ಅಕ್ಷಾಂಶದಲ್ಲಿ ಸೈನ್ ಬೆಲೆ ಸರಿಯಾಗಿ ಅರ್ಧ. ಅಲ್ಲಿ ಒಂದು ಗಂಟೆಯ ಗೆರೆ 7.6 ಡಿಗ್ರಿಗೆ, ಎರಡರದು 16.1ಕ್ಕೆ, ಮೂರರದು 26.6ಕ್ಕೆ, ನಾಲ್ಕರದು 40.9ಕ್ಕೆ, ಐದರದು 61.8ಕ್ಕೆ, ಆರರದು 90ಕ್ಕೆ ಬರುತ್ತದೆ. ಮೊದಲ ಗಂಟೆಗೆ ಏಳೂವರೆ ಡಿಗ್ರಿಯಷ್ಟು ಸರಿಯುವ ನೆರಳು ಕೊನೆಯ ಗಂಟೆಗೆ 28 ಡಿಗ್ರಿ ಸರಿಯುತ್ತದೆ. ಒಮ್ಮೆ ಇದನ್ನು ಕೈಯಾರೆ ಲೆಕ್ಕ ಹಾಕಿ ಕೋನಮಾಪಕದಿಂದ ಗುರುತಿಸಿ. ಸೂತ್ರ ಮತ್ತೆ ಮರೆಯುವುದಿಲ್ಲ.

ದೊಡ್ಡದಾಗಿ ಕಟ್ಟಿದಷ್ಟೂ ನಿಖರತೆ ಹೆಚ್ಚುತ್ತದೆಯೇ? ಒಂದು ಮಿತಿಯವರೆಗೆ ಮಾತ್ರ. ಸೂರ್ಯಬಿಂಬದ ಅಗಲವೇ ಸುಮಾರು ಅರ್ಧ ಡಿಗ್ರಿ. ಅಷ್ಟು ದೂರ ಸರಿಯಲು ಅವನಿಗೆ ಎರಡು ನಿಮಿಷ ಬೇಕು. ಹೀಗಾಗಿ ನೆರಳಿನ ಅಂಚು ಎಂದೂ ಕತ್ತರಿಸಿದಂತೆ ಇರುವುದಿಲ್ಲ. 18ನೆಯ ಶತಮಾನದಲ್ಲಿ ರಾಜ ಸವಾಯಿ ಜಯಸಿಂಹ ಜೈಪುರದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರ ಎಂಬ ಬೃಹತ್ ನೆರಳು ಗಡಿಯಾರದ ಶಂಕುವಿನ ಎತ್ತರ ಸುಮಾರು 27 ಮೀಟರ್. ಅದರ ನೆರಳು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಚಲಿಸುವುದನ್ನು ಕಣ್ಣಾರೆ ಕಾಣಬಹುದು. ಆದರೆ ಅಂಚಿನ ಮಸುಕೇ ಹತ್ತು ಸೆಂಟಿಮೀಟರಿಗೂ ಹೆಚ್ಚು ಅಗಲ ಹರಡುತ್ತದೆ. ಅದರೊಳಗೆ ಸರಿಯಾದ ಬಿಂದುವನ್ನು ಗುರುತಿಸುವುದು ನೋಡುವವರ ಕೌಶಲ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ನೆರಳು ಕೈಗಡಿಯಾರಕ್ಕೆ ಹೊಂದುವುದಿಲ್ಲ. ಕಾರಣ ಎರಡು.

ಮೊದಲನೆಯದು ರೇಖಾಂಶ. ನೆರಳು ತೋರುವುದು ನಿಂತ ಜಾಗದ ಸಮಯ. ಗಡಿಯಾರ ತೋರುವುದು ದೇಶಕ್ಕೆಲ್ಲ ಗೊತ್ತುಪಡಿಸಿದ ಒಂದು ರೇಖಾಂಶದ ಸಮಯ. ಒಂದು ಡಿಗ್ರಿಗೆ ನಾಲ್ಕು ನಿಮಿಷ ವ್ಯತ್ಯಾಸ. ರೈಲು ಬರುವ ಮೊದಲು ಇದು ಯಾರನ್ನೂ ಕಾಡಿರಲಿಲ್ಲ, ಊರಿಗೊಂದು ಸಮಯವಿತ್ತು. ಲಂಡನ್ನಿಗಿಂತ ಸುಮಾರು ಹತ್ತು ನಿಮಿಷ ಹಿಂದಿರುವ ಬ್ರಿಸ್ಟಲ್‌ನ ಒಂದು ಹಳೆಯ ಗಡಿಯಾರದಲ್ಲಿ ನಿಮಿಷದ ಮುಳ್ಳುಗಳು ಎರಡಿವೆ: ಒಂದು ಊರಿನ ಸಮಯಕ್ಕೆ, ಇನ್ನೊಂದು ಲಂಡನ್ ಸಮಯಕ್ಕೆ. ಬ್ರಿಟನ್ನಿನಲ್ಲಿ ಗ್ರೀನ್‌ವಿಚ್ ಸಮಯ ಕಾನೂನಾದದ್ದು 1880ರಲ್ಲಿ.

ಎರಡನೆಯದೇ ನನಗೆ ಹೆಚ್ಚು ಇಷ್ಟ. ಸೂರ್ಯನ ಒಂದು ಮಧ್ಯಾಹ್ನದಿಂದ ಮರು ಮಧ್ಯಾಹ್ನದವರೆಗಿನ ಅವಧಿ ನಿತ್ಯವೂ ಸರಿಯಾಗಿ 24 ಗಂಟೆ ಇರುವುದಿಲ್ಲ. ಡಿಸೆಂಬರ್ ಕೊನೆಯ ವಾರದ ಹೊತ್ತಿಗೆ ಅದು ಸುಮಾರು ಅರ್ಧ ನಿಮಿಷ ಹೆಚ್ಚು. ಭೂಮಿಯ ಕಕ್ಷೆ ದೀರ್ಘವೃತ್ತ, ಜನವರಿ ಆರಂಭದಲ್ಲಿ ಸೂರ್ಯನಿಗೆ ಸಮೀಪವಿದ್ದು ವೇಗವಾಗಿ ಚಲಿಸುತ್ತದೆ. ಜೊತೆಗೆ ಅದರ ಅಕ್ಷ 23.4 ಡಿಗ್ರಿ ಓರೆಯಾಗಿದೆ. ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವುದು ಕ್ರಾಂತಿವೃತ್ತ ಎಂಬ ಓರೆ ಹಾದಿಯಲ್ಲಿ, ನಾವು ಹೊತ್ತು ಅಳೆಯುವುದು ವಿಷುವದ್ವೃತ್ತದ, ಅಂದರೆ ಆಕಾಶಕ್ಕೆ ಚಾಚಿದ ಭೂಮಧ್ಯರೇಖೆಯ ಗುಂಟ. ಸೆಕೆಂಡುಗಳು ದಿನದಿನಕ್ಕೆ ಕೂಡುತ್ತಾ ಹೋಗಿ ಫೆಬ್ರವರಿ 11ರ ಸುಮಾರಿಗೆ ನೆರಳು 14 ನಿಮಿಷ ಹಿಂದೆ ಬೀಳುತ್ತದೆ, ನವೆಂಬರ್ 3ರ ಸುಮಾರಿಗೆ 16 ನಿಮಿಷಕ್ಕೂ ಹೆಚ್ಚು ಮುಂದೆ ಓಡುತ್ತದೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ವ್ಯತ್ಯಾಸ ಶೂನ್ಯ. ಇದಕ್ಕೆ ಕಾಲ ಸಮೀಕರಣ ಎಂದು ಹೆಸರು. ಸಾಮಾನ್ಯ ಯಾಂತ್ರಿಕ ಗಡಿಯಾರಕ್ಕೆ ಈ ಏರಿಳಿತ ಅನುಸರಿಸಲು ಬಾರದು, ಆದ್ದರಿಂದ ವರ್ಷದ ಸರಾಸರಿಯನ್ನು ಹಿಡಿದೆವು. ಪ್ಯಾರಿಸ್ ನಗರ ಸೂರ್ಯನ ಸಮಯ ಬಿಟ್ಟು ಸರಾಸರಿ ಸಮಯಕ್ಕೆ ಬಂದದ್ದು 1816ರಲ್ಲಿ.

ಜೈಪುರದ ಯಂತ್ರದ ಮೇಲೆಯೇ ಲೆಕ್ಕ ಮಾಡೋಣ. ಅದು 75.8 ಡಿಗ್ರಿ ಪೂರ್ವದಲ್ಲಿದೆ, ಭಾರತದ ಪ್ರಮಾಣ ಕಾಲದ ರೇಖಾಂಶ 82.5. ವ್ಯತ್ಯಾಸ 6.7 ಡಿಗ್ರಿ, ಅಂದರೆ ಸುಮಾರು 27 ನಿಮಿಷ. ಸ್ಥಳ ಪಶ್ಚಿಮದಲ್ಲಿದೆ, ಆದ್ದರಿಂದ ಕೂಡಿಸಬೇಕು. ನವೆಂಬರ್ 3ರಂದು ನೆರಳು 12 ತೋರಿದಾಗ ಗಡಿಯಾರದಲ್ಲಿ 12ಕ್ಕೆ 27 ಕೂಡಿಸಿ 16 ಕಳೆದರೆ ಸುಮಾರು 12 ಗಂಟೆ 11 ನಿಮಿಷ. ಫೆಬ್ರವರಿ 11ರಂದು 27ರ ಜೊತೆ 14ನ್ನೂ ಕೂಡಿಸಬೇಕು: 12 ಗಂಟೆ 41 ನಿಮಿಷ. ಗೆರೆ ಅದೇ, ನೆರಳು ಅದೇ, ನಡುವೆ ಅರ್ಧ ಗಂಟೆ! ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ದೇಶಗಳಲ್ಲಾದರೆ ಇನ್ನೊಂದು ಗಂಟೆ ಸೇರಿಸಬೇಕು.

ಈ ಲೆಕ್ಕವನ್ನು ತಿರುಗಿಸಿಯೂ ಬಳಸಬಹುದು. ಇಂದಿನ ದಿನಾಂಕಕ್ಕೆ ನಿಮ್ಮ ಸ್ಥಳದಲ್ಲಿ ಸೌರ ಮಧ್ಯಾಹ್ನ ಗಡಿಯಾರದ ಎಷ್ಟು ಗಂಟೆಗೆ ಬೀಳುತ್ತದೆ ಎಂದು ಕಂಡುಕೊಂಡು, ಆ ಕ್ಷಣದಲ್ಲಿ ತೂಗುಗುಂಡಿನ ದಾರದ ನೆರಳಿನ ಮೇಲೆ ಗೆರೆ ಎಳೆಯಿರಿ. ಅದೇ ನಿಜವಾದ ಉತ್ತರ-ದಕ್ಷಿಣ. ಶಂಕುವನ್ನು ಆ ಗೆರೆಯ ಮೇಲೆ ನಿಲ್ಲಿಸಿ.