ಫ್ಲಾರ್ಮ್ ಅಪ್‌ಡೇಟ್ ಆಗುತ್ತಿಲ್ಲವೇ? ಮೊದಲು ಪೆನ್‌ಡ್ರೈವ್ ನೋಡಿ

ಮಾರ್ಚ್ ಬಂತೆಂದರೆ ಆಲ್ಪ್ಸ್ ಸುತ್ತಮುತ್ತಲಿನ ಗ್ಲೈಡರ್ ಕ್ಲಬ್ಬುಗಳಲ್ಲಿ ಒಂದೇ ದೂರು: ‘ಫ್ಲಾರ್ಮ್ ಅಪ್‌ಡೇಟ್ ತಗೊಳ್ತಾ ಇಲ್ಲ, ಡಬ್ಬಿ ಕೆಟ್ಟಿರಬೇಕು.’ ಫ್ಲಾರ್ಮ್ ಅಂದರೆ ಗ್ಲೈಡರ್‌ನಲ್ಲಿ ಕೂತು ಡಿಕ್ಕಿಯ ಎಚ್ಚರಿಕೆ ಕೊಡುವ ಡಬ್ಬಿ. ಈ ಉಪಕರಣಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಹೀಗೆ ಬರುವ ಡಬ್ಬಿಗಳಲ್ಲಿ ನಿಜವಾಗಿ ಕೆಟ್ಟಿರುವುದು ಕಡಿಮೆ. ಜಾಸ್ತಿ ಸಲ ಎಡವಟ್ಟು ಹೊರಗೇ ಇರುತ್ತದೆ.

ಫ್ಲಾರ್ಮ್ ಹುಟ್ಟಿದ್ದು 2004ರಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ. ಎಂಜಿನ್ ಇಲ್ಲದ ಗ್ಲೈಡರ್‌ಗಳು ಮೇಲೇಳುವ ಬಿಸಿಗಾಳಿ ಸಿಕ್ಕ ಕಡೆ ಒಟ್ಟಿಗೆ ಸುತ್ತುತ್ತವೆ. ಡಿಕ್ಕಿಯ ಭಯ ಅಲ್ಲೇ. ಈ ಡಬ್ಬಿ ಜಿಪಿಎಸ್ ನೋಡಿ ತಾನು ಮುಂದೆ ಎತ್ತ ಹೋಗುತ್ತೇನೆಂದು ಲೆಕ್ಕ ಹಾಕಿ, ರೇಡಿಯೋದಲ್ಲಿ ಸಾರುತ್ತದೆ. ಪಕ್ಕದ ಗ್ಲೈಡರ್‌ನ ಡಬ್ಬಿ ಅದನ್ನು ಕೇಳಿ, ಅಪಾಯವಿದ್ದರೆ ಕೂಗುತ್ತದೆ. ಅಂದರೆ ಎಲ್ಲ ಡಬ್ಬಿಗಳೂ ಒಂದೇ ಭಾಷೆ ಆಡಬೇಕು. ಅದಕ್ಕೇ ಕನಿಷ್ಠ 12 ತಿಂಗಳಿಗೊಮ್ಮೆ ಫರ್ಮ್‌ವೇರ್, ಅಂದರೆ ಡಬ್ಬಿಯನ್ನು ನಡೆಸುವ ಒಳಗಿನ ಪ್ರೋಗ್ರಾಮ್, ಬದಲಿಸಿ ಎನ್ನುತ್ತಾರೆ. ಫೋನಿನ ಅಪ್‌ಡೇಟ್‌ನಂತೆ ‘ನಾಳೆ ನೋಡೋಣ’ ಎಂದು ತಳ್ಳಿದರೆ, ಅವಧಿ ಮುಗಿದ ದಿನ ಡಬ್ಬಿ ಕೆಲಸ ನಿಲ್ಲಿಸುತ್ತದೆ.

ಏನು ತಪ್ಪಾಗಿದೆ ಎಂದು ಡಬ್ಬಿಯೇ ಹೇಳುತ್ತದೆ, ನಾವು ಓದುವುದಿಲ್ಲ ಅಷ್ಟೆ. ತಪ್ಪಿನ ಸಂಖ್ಯೆ 11 ಅಂದರೆ ಫರ್ಮ್‌ವೇರ್ ಅವಧಿ ಮುಗಿದಿದೆ. 12 ಅಂದರೆ ಅಪ್‌ಡೇಟ್ ಮಾಡಲು ಹೋಗಿ ಸೋತಿದೆ. 21 ಕರೆಂಟಿನ ತಕರಾರು. 25 ಎಸ್‌ಡಿ ಕಾರ್ಡಿನದ್ದು. 11 ಮತ್ತು 12ಕ್ಕೆ ಮದ್ದು ಬೇರೆ ಬೇರೆ. ಸಂಖ್ಯೆ ಬರೆದುಕೊಳ್ಳದೆ ‘ಕೆಂಪು ದೀಪ ಬಂತು’ ಎಂದರೆ ನಾನು ಏನೂ ಹೇಳಲಾರೆ.

ಸಂಖ್ಯೆಯೇ ಕಾಣದೆ, ಹೊಸ ಫರ್ಮ್‌ವೇರ್ ಹಾಕಿ ಚುಚ್ಚಿದ ಪೆನ್‌ಡ್ರೈವನ್ನು ಡಬ್ಬಿ ಕಂಡೂ ಕಾಣದಂತೆ ಸುಮ್ನೆ ಕೂತಿದ್ದರೆ? ಪೆನ್‌ಡ್ರೈವ್ ಮೇಲೆಯೇ ಅನುಮಾನ ಪಡಿ. ಪೆನ್‌ಡ್ರೈವ್ ಒಳಗೆ ಫೈಲುಗಳನ್ನು ಜೋಡಿಸಿಡುವ ಕ್ರಮಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ; ಈ ಡಬ್ಬಿಗಳಿಗೆ ಬೇಕಿರುವುದು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್. ಅಂಗಡಿಯಲ್ಲಿ ಈಗ ಸಿಗುವ 64 ಜಿಬಿ, 128 ಜಿಬಿ ಸರಕು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಬೇರೆ ಫಾರ್ಮ್ಯಾಟ್‌ನಲ್ಲಿ ಬರುತ್ತದೆ. ವಿಂಡೋಸ್‌ನಲ್ಲಿ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಮಾಡಲು ಹೋದರೂ, 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲಿಗೆ ಐಟಿ ಕೆಲಸಕ್ಕೆ ಬಂದು ಗ್ಲೈಡಿಂಗ್ ಹುಚ್ಚು ಹತ್ತಿಸಿಕೊಂಡ ನಮ್ಮವರೇ ಒಬ್ಬರು, ‘ಸರ್, ನಾನು ಸಾಫ್ಟ್‌ವೇರ್ ಎಂಜಿನಿಯರ್, ಪೆನ್‌ಡ್ರೈವ್ ಸರಿಯಾಗೇ ಇದೆ’ ಎಂದು ವಾದಿಸಿದ್ದರು. 128 ಜಿಬಿಯದ್ದು, ತುಂಬಾ ಮದುವೆ ಫೋಟೋ. ಡ್ರಾಯರ್‌ನ ಮೂಲೆಯಲ್ಲಿ ಬಿದ್ದಿರುವ 4 ಅಥವಾ 8 ಜಿಬಿಯ ಹಳೆಯದನ್ನು ಈ ಕೆಲಸಕ್ಕೇ ಎತ್ತಿಡಿ.

ಇನ್ನು ಫರ್ಮ್‌ವೇರ್ ಫೈಲು. ಅದನ್ನು ಫೋಲ್ಡರ್ ಒಳಗೆ ಇಡಬೇಡಿ, ಹೊರಗೇ ಇರಲಿ. ಎರಡು ಸಲ ಡೌನ್‌ಲೋಡ್ ಮಾಡಿದರೆ ಬ್ರೌಸರ್ ಹೆಸರಿಗೆ ‘(1)’ ಎಂದು ಬಾಲ ಹಚ್ಚುತ್ತದೆ, ಅದನ್ನು ಬಿಟ್ಟು ಸರಿಯಾದದ್ದನ್ನೇ ಹಾಕಿ. ಹಳೆಯ ಫ್ಲಾರ್ಮ್‌ನ ಫೈಲು ಬೇರೆ, ಪವರ್‌ಫ್ಲಾರ್ಮ್‌ನದು ಬೇರೆ. ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಫೈಲನ್ನು ನಂಬಲೇಬೇಡಿ.

ಸೊರಗಿದ ಬ್ಯಾಟರಿಯಲ್ಲಿ ಅಪ್‌ಡೇಟ್ ಶುರು ಮಾಡಬಾರದು. ಒಳಗಿನ ಮೆಮೊರಿಯಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಹೊತ್ತಲ್ಲಿ ಕರೆಂಟು ಹೋದರೆ ಅರ್ಧ ಪ್ರೋಗ್ರಾಮ್ ಉಳಿಯುತ್ತದೆ. ಪರದೆ ಸ್ವಲ್ಪ ಹೊತ್ತು ಕಪ್ಪಗಾದರೆ ಗಾಬರಿಯಾಗಿ ವೈರ್ ಕೀಳುವವರೇ ಜಾಸ್ತಿ. ಒಂದು ಕಪ್ ಕಾಫಿ ಕುಡಿದು ಬನ್ನಿ.

ವೈ-ಫೈ ಮೂಲಕ ಅಪ್‌ಡೇಟ್ ಆಗುವ ಸ್ಟ್ರಾಟಕ್ಸ್‌ನಂಥವುಗಳ ಕಥೆ ಬೇರೆ. ಸುತ್ತಲಿನ ವಿಮಾನಗಳ ರೇಡಿಯೋ ಸಂಕೇತ ಕೇಳಿ ಅವನ್ನು ತೋರಿಸುವ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಹವ್ಯಾಸಿಗಳೇ ಕಟ್ಟಿಕೊಳ್ಳುವ ಉಪಕರಣ ಅದು. ಅದರ ವೈ-ಫೈಗೆ ಸೇರಿ ಬ್ರೌಸರ್‌ನಲ್ಲಿ 192.168.10.1 ತೆರೆದು ಫೈಲು ಏರಿಸಬೇಕು. ಆದರೆ ಆ ವೈ-ಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. ಫೋನು ಜಾಣತನ ತೋರಿಸಿ ಮೊಬೈಲ್ ಡೇಟಾಗೆ ಜಾರುತ್ತದೆ, ಪುಟ ತೆರೆಯುವುದೇ ಇಲ್ಲ. ಫೈಲನ್ನು ಮೊದಲೇ ಇಳಿಸಿಕೊಳ್ಳಿ. ಆಮೇಲೆ ಡೇಟಾ, ವಿಪಿಎನ್ ಎರಡೂ ಆಫ್ ಮಾಡಿ. ತೆಳು ಚಾರ್ಜಿಂಗ್ ಕೇಬಲ್ ಇದ್ದರೆ ಪೈಗೆ 5 ವೋಲ್ಟ್ ಪೂರ್ತಿ ತಲುಪುವುದಿಲ್ಲ, ಅದರ ಎಸ್‌ಡಿ ಕಾರ್ಡ್ ಹಾಳಾಗುವುದಕ್ಕೆ ಅದೂ ಒಂದು ಕಾರಣ. ಕಾರ್ಡನ್ನು ಹೊಸದಾಗಿ ಬರೆದ ಮೇಲೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಬೇಡ ಅನ್ನಿ. ಕಾರ್ಡಿನಲ್ಲಿರುವ ಲಿನಕ್ಸ್ ಫಾರ್ಮ್ಯಾಟ್ ಓದಲು ವಿಂಡೋಸ್‌ಗೆ ಬರುವುದಿಲ್ಲ, ಅಷ್ಟೆ.

ಅಪ್‌ಡೇಟ್ ಆಯಿತು ಎಂದು ಪರದೆ ಹೇಳಿದರೆ ಸಾಲದು. ಡಬ್ಬಿ ಆಫ್ ಮಾಡಿ, ಮತ್ತೆ ಆನ್ ಮಾಡಿ, ವರ್ಷನ್ ಸಂಖ್ಯೆ ನೋಡಿ. ಸೆಟ್ಟಿಂಗ್ಸ್ ಕೂಡ. ಮುಖ್ಯವಾಗಿ ವಿಮಾನದ 24 ಬಿಟ್ ವಿಳಾಸ, ಅಂದರೆ ಪ್ರತಿ ವಿಮಾನಕ್ಕೂ ಇರುವ ಗುರುತಿನ ಸಂಖ್ಯೆ. ಒಂದು ಗ್ಲೈಡರ್‌ನಿಂದ ಇನ್ನೊಂದಕ್ಕೆ ಓಡಾಡುವ ಕ್ಲಬ್ ಡಬ್ಬಿಗಳಲ್ಲಿ ಇದು ತಪ್ಪಿರುತ್ತದೆ. ಆಗ ನಿಮ್ಮದೇ ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಹೇಳುವ ಉಪಕರಣ) ಸಾರುವುದನ್ನು, ಅದನ್ನು ಕೇಳಬಲ್ಲ ಡಬ್ಬಿ ಪಕ್ಕದ ವಿಮಾನದ್ದು ಅಂದುಕೊಂಡು ದಾರಿಯುದ್ದಕ್ಕೂ ಕೂಗುತ್ತಿರುತ್ತದೆ. ‘ಹೊಸ ವರ್ಷನ್ ಸರಿಯಿಲ್ಲ’ ಎಂಬ ದೂರುಗಳಲ್ಲಿ ಇದೂ ಸೇರಿರುತ್ತದೆ.

ಹಾರುವ ದಿನ ಬೆಳಿಗ್ಗೆ ರನ್‌ವೇ ಪಕ್ಕ ನಿಂತು ಅಪ್‌ಡೇಟ್ ಮಾಡುವುದು ನನಗಂತೂ ಸರಿ ಕಾಣದು. ಹಳೆಯ ವರ್ಷನ್ ಅವಧಿ ಇನ್ನೂ ಇದ್ದರೆ ಅದರಲ್ಲೇ ಹಾರಿ, ಸಂಜೆ ನೋಡಿಕೊಳ್ಳಿ. 11 ಬಂದಿದ್ದರೆ ಡಬ್ಬಿ ಇಲ್ಲವೆಂದೇ ತಿಳಿಯಿರಿ. ಬೇರೆ ಗ್ಲೈಡರ್‌ಗಳ ಡಬ್ಬಿಗೂ ನೀವು ಕಾಣುತ್ತಿಲ್ಲ. ಇಷ್ಟಾಗಿಯೂ ಬಗೆಹರಿಯದಿದ್ದರೆ ರಿಪೇರಿಯವರಿಗೆ ಬರೆಯಿರಿ: ಸೀರಿಯಲ್ ನಂಬರ್, ಈಗಿನ ವರ್ಷನ್, ತಪ್ಪಿನ ಸಂಖ್ಯೆ, ಹಾಕಿದ ಫೈಲಿನ ಪೂರ್ತಿ ಹೆಸರು, ಪೆನ್‌ಡ್ರೈವ್ ಎಷ್ಟು ಜಿಬಿ. ಕೆಂಪು ದೀಪದ ಫೋಟೋ ಬೇಡ.