ಕೋತಿ ಓಡಿಸೋದನ್ನು ಗದ್ದೆಯಲ್ಲಿ ಕಲಿತವರು

ಮೊನ್ನೆ ಕೊಪ್ಪಳದಲ್ಲಿ ಒಂದು ಕಲ್ಯಾಣ ಮಂಟಪದ ಮಾಳಿಗೆ ಮೇಲೆ ತಾಯ್ ಚಿ, ಅಂದರೆ ನಿಧಾನವಾಗಿ ಮೈ ಚಲಿಸುವ ಚೀನೀ ವ್ಯಾಯಾಮದ ಕಾರ್ಯಾಗಾರ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ಆರಕ್ಕೇ ಶುರು, ಯಾಕೆಂದರೆ ನಮ್ಮ ಕಡೆ ಒಂಬತ್ತಾದರೆ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಬಂದ ಹದಿನೆಂಟು ಜನಕ್ಕೂ 24 ಭಂಗಿಗಳ ಸರಣಿ ಬರುತ್ತಿತ್ತು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ತಾಯ್ ಚಿಯ ಯಾಂಗ್ ಶೈಲಿಯಿಂದ ಆರಿಸಿ ಚಿಕ್ಕದು ಮಾಡಿದ್ದು ಅದು, ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಬರುತ್ತಿತ್ತು ಅಂದರೆ ಕೈ ಬರುತ್ತಿತ್ತು. ಕಾಲು ಬರುತ್ತಿರಲಿಲ್ಲ.

ನಾನು ಫಿಸಿಯೋಥೆರಪಿ ಮಾಡುವವನು, ನನ್ನ ಕಣ್ಣು ಮೊದಲು ಮೊಣಕಾಲಿಗೇ ಹೋಗುತ್ತದೆ. 'ತಾಯ್ ಚಿ ಶುರು ಮಾಡಿದ ಮೇಲೆ ಮೊಣಕಾಲು ನೋವು ಜಾಸ್ತಿ ಆಯ್ತು' ಅಂತ ಬರುವವರನ್ನು ನಿಲ್ಲಿಸಿ ನೋಡಿದರೆ ಸಾಮಾನ್ಯವಾಗಿ ಕಾಣುವುದು ಒಂದೇ ತಪ್ಪು. ಪಾದದ ಮೇಲೆ ಪೂರ್ತಿ ಭಾರ ಇರುತ್ತದೆ, ಪಾದ ನೆಲ ಕಚ್ಚಿರುತ್ತದೆ, ಆಗ ಮೈ ತಿರುಗಿಸುತ್ತಾರೆ. ಮೊಣಕಾಲು ಬಾಗಿಲ ಕೀಲು ಇದ್ದ ಹಾಗೆ, ಮಡಚುವುದು ಬಿಚ್ಚುವುದು ಅದರ ಕೆಲಸ, ತಿರುಗುವುದು ಸ್ವಲ್ಪವೇ. ತಿರುಗಬೇಕಾದ್ದು ಸೊಂಟದ ಕೀಲು. ಅದು ತಿರುಗದಿದ್ದರೆ ಆ ತಿರುಚು ಕೆಳಗೆ ಮೊಣಕಾಲಿಗೆ ಬೀಳುತ್ತದೆ.

ಹಾಗಾಗಿ ಯಾವ ಕಾಲಿಗೆ ಯಾವಾಗ ಭಾರ ಹಾಕಬೇಕು ಅಂತ ಕಲಿಸಲು ಆವತ್ತು ಎರಡು ಗಂಟೆ ಒಂದೇ ಭಂಗಿ ಹಿಡಿದೆ: ಕೋತಿಯನ್ನು ಹಿಮ್ಮೆಟ್ಟಿಸುವುದು. ಎಡಕ್ಕೂ ಬಲಕ್ಕೂ ಸೇರಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಬೇಕು. ಎಲ್ಲರೂ ಹಿಂದಿನ ಕಾಲನ್ನು ದಪ್ಪಂತ ಇಟ್ಟು ಅದರ ಮೇಲೆ ಬಿದ್ದುಬಿಡುತ್ತಿದ್ದರು. ಕೆಲವರು ಹಗ್ಗದ ಮೇಲೆ ನಡೆದ ಹಾಗೆ ಒಂದು ಕಾಲಿನ ನೇರ ಹಿಂದೆಯೇ ಇನ್ನೊಂದನ್ನು ಇಟ್ಟು ತೂರಾಡುತ್ತಿದ್ದರು.

ಆಗ ಕಾರಟಗಿ ಕಡೆಯಿಂದ ಮಗಳ ಜೊತೆ ಬಂದಿದ್ದ ಒಬ್ಬ ಅಮ್ಮ ನಕ್ಕರು. 'ಇದೇನ್ರೀ ಸರ, ನೆಲ್ಲು ಹಚ್ಚಿದಂಗ ಐತಲ್ರೀ!'

ಮಾಡಿ ತೋರಿಸಿ ಅಂದೆ. ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡರು. ಸಸಿ ಹಚ್ಚುವವರು ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತಾರೆ ಅಲ್ವಾ, ಅದೇ ಹೆಜ್ಜೆ. ಬೆರಳ ತುದಿ ಹಿಂದಕ್ಕೆ ಹೋಗಿ ನೆಲ ಹುಡುಕಿತು, ಮುಂಗಾಲು ಕೂತಿತು, ಆಮೇಲೆ ಹಿಮ್ಮಡಿ, ಕೊನೆಗೆ ಮೈಭಾರ. ಕೆಸರಲ್ಲಿ ಮೊದಲೇ ಭಾರ ಹಾಕಿದರೆ ಕುಂಡಿ ಮೇಲೆ ಕೂರಬೇಕಾಗುತ್ತದೆ, ಅದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಲುಗಳ ನಡುವೆ ಒಂದು ಗೇಣು ಅಂತರ ಕೂಡ ತಾನೇ ಇತ್ತು. ಬೆನ್ನು ಬಗ್ಗಿಸೋದನ್ನು ಮಾತ್ರ ಗದ್ದೇಲೇ ಬಿಟ್ಟು ಬನ್ನಿ ಅಂದೆ.

ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು ಅವರ ಹತ್ತು ಸೂತ್ರಗಳಲ್ಲಿ ಒಂದು, ಭಾರ ತುಂಬಿದ ಕಾಲು ಯಾವುದು, ಭಾರ ಇಲ್ಲದ ಖಾಲಿ ಕಾಲು ಯಾವುದು ಬೇರೆ ಮಾಡಿಕೊಳ್ಳಿ ಅನ್ನುತ್ತದೆ. ನಾನು ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೆ, ತಲೆ ಆಡಿಸಿ ಸುಮ್ನೆ ಕೂತಿದ್ದರು.

ಪರೀಕ್ಷೆ ಸುಲಭ. ಹೆಜ್ಜೆ ಇಡುವಾಗ ಯಾರಾದರೂ 'ನಿಲ್ಲಿ' ಅನ್ನಲಿ. ಇಟ್ಟ ಕಾಲನ್ನು ಮೈ ಅಲ್ಲಾಡಿಸದೆ ವಾಪಸ್ ಎತ್ತೋಕೆ ಬಂದರೆ ಅದು ಖಾಲಿ ಇದೆ. ಬರದಿದ್ದರೆ ನೀವು ಆಗಲೇ ಬಿದ್ದಿದ್ದೀರಿ, ನೆಲ ಹಿಡಿದುಕೊಂಡಿದೆ ಅಷ್ಟೆ.

ನನ್ನ ತಪ್ಪೂ ಒಂದಿತ್ತು. ವರ್ಷಗಟ್ಟಲೆ 'ಒಂದು, ಎರಡು' ಅಂತ ಎಣಿಸಿ ಕಲಿಸಿದ್ದೇನೆ. ಎಣಿಕೆ ಬಿದ್ದ ಕೂಡಲೇ ಕಾಲೂ ಬೀಳುತ್ತದೆ. ಆವತ್ತು ಎಣಿಸೋದು ಬಿಟ್ಟೆ. ಎಲ್ಲರೂ ನಾಲ್ಕು ಹೆಜ್ಜೆ ಮುಗಿಸಿ ನಿಂತರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮಾತ್ರ ಮೂರನೆಯದರಲ್ಲೇ ಬೆರಳು ಊರಿಕೊಂಡು ನಿಂತಿದ್ದರು. ಏನಾಯ್ತು ಸರ್ ಅಂದೆ.

'ತಡೀರಿ, ಇನ್ನೂ ನೆಲ ಸಿಕ್ಕಿಲ್ರೀ.'