ಕ್ಯಾಸೆಟ್ ಎಸಿಯಿಂದ ನೀರು ಬಿದ್ದರೆ: ತುಂಬಿ ಚೆಲ್ಲಿದ್ದೇ, ಬೆವರಿದ್ದೇ?

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹೆದ್ದಾರಿ ಬದಿಯ ಬಟ್ಟೆ ಅಂಗಡಿ, ಸಹಕಾರಿ ಬ್ಯಾಂಕು, ಕ್ಲಿನಿಕ್ಕುಗಳಲ್ಲಿ ಚಾವಣಿಗೆ ಕೂರಿಸುವ ಕ್ಯಾಸೆಟ್ ಎಸಿ ಈಗ ಸಾಮಾನ್ಯವಾಗಿದೆ. ಮಳೆಗಾಲ ಹಿಡಿಯಿತೆಂದರೆ ಅದರ ಮೇಲಿನ ದೂರು ಹೆಚ್ಚಾಗಿ ಒಂದೇ: ನೀರು ಬೀಳುತ್ತಿದೆ. ತಂಪು ಕಡಿಮೆಯಾದರೆ ಗಿರಾಕಿ ನಾಳೆಯವರೆಗೆ ಕಾಯುತ್ತಾನೆ. ಸೀರೆಯ ರಾಶಿಯ ಮೇಲೆ ಹನಿ ಬಿದ್ದರೆ ಕಾಯುವುದಿಲ್ಲ. ಆ ಗಡಿಬಿಡಿಯಲ್ಲಿ ಸುಮ್ಮನೆ ಪಂಪ್ ಬದಲಿಸಿ ಬಂದು, ಮರುದಿನ ಅದೇ ಅಂಗಡಿಗೆ ಮತ್ತೆ ಏಣಿ ಹೊರುವವರಿದ್ದಾರೆ. ಎಸಿ ಮೆಕ್ಯಾನಿಕ್ ತರಬೇತಿಯಲ್ಲಿರುವ ನಮ್ಮ ಕಡೆಯವರಿಗಾಗಿ ಈ ಟಿಪ್ಪಣಿ.

ಮೊದಲು ನೀರಿನ ಪ್ರಮಾಣದ ಅಂದಾಜು ಇರಲಿ. 2 ಟನ್ನಿನ ಯಂತ್ರ ಎಂದರೆ ಸುಮಾರು 7 ಕಿಲೋವ್ಯಾಟ್ ತಂಪು. ಅದರಲ್ಲಿ ಶೇ. 30 ಭಾಗ ಗಾಳಿಯ ತೇವ ತೆಗೆಯುವುದಕ್ಕೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಿಲೋ ಆವಿ ನೀರಾಗಲು ಸುಮಾರು 2,450 ಕಿಲೋಜೌಲ್ ಶಾಖ ತೆಗೆಯಬೇಕು. ಲೆಕ್ಕ ಹಾಕಿದರೆ ಗಂಟೆಗೆ ಮೂರು ಲೀಟರ್ ನೀರು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವದ ಪಾಲು ಇನ್ನೂ ಹೆಚ್ಚು. ಗೋಡೆಯ ಎಸಿಯಲ್ಲಿ ಈ ನೀರು ತಾನಾಗಿ ಇಳಿದು ಹೋಗುತ್ತದೆ. ಕ್ಯಾಸೆಟ್ಟಿನಲ್ಲಿ ಹಾಗಲ್ಲ. ಗಾಳಿಯನ್ನು ತಣ್ಣಗಾಗಿಸುವ ಕಾಯಿಲಿನ ಕೆಳಗಿನ ಥರ್ಮೋಕೋಲ್ ಟ್ರೇಯಲ್ಲಿ ನಿಂತ ನೀರನ್ನು ಒಂದು ಪುಟ್ಟ ಪಂಪ್ ಮೇಲಕ್ಕೆತ್ತಿ ಪೈಪಿಗೆ ತಳ್ಳಬೇಕು.

ಏಣಿ ಹತ್ತುವ ಮುನ್ನ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ "ಎಷ್ಟು ನೀರು ಬೀಳುತ್ತದೆ" ಎಂಬುದಲ್ಲ, "ಯಾವಾಗ ಬೀಳುತ್ತದೆ" ಎಂಬುದು. ಎಸಿ ಓಡುತ್ತಿರುವಾಗ ಧಾರೆಯಾಗಿ ಬರುತ್ತದೆಯೇ? ಆಫ್ ಮಾಡಿದ ಮೇಲೆಯೇ? ಗಾಳಿಯ ದಿಕ್ಕು ತಿರುಗಿಸುವ ರೆಕ್ಕೆಗಳ ತುದಿಯಲ್ಲಿ ಹನಿಹನಿಯಾಗಿ ನಿಲ್ಲುತ್ತದೆಯೇ? ಎಸಿ ಮುಟ್ಟದ ಭಾನುವಾರವೂ ಬೀಳುತ್ತದೆಯೇ? ಕೊನೆಯದಕ್ಕೆ ಹೌದು ಎಂದರೆ ನಿಮ್ಮ ಕೆಲಸ ಮುಗಿಯಿತು. ಅದು ತಾರಸಿಯ ಸೋರಿಕೆ, ಮೇಸ್ತ್ರಿಯನ್ನು ಕರೆಯಲಿ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಈ ಸಾಧ್ಯತೆಯನ್ನು ಮರೆಯುವಂತಿಲ್ಲ.

ತುಂಬಿ ಚೆಲ್ಲುವ ನೀರು

ಎಸಿಗೆ ವಿದ್ಯುತ್ ಕಡಿಯುವ ಎಂ.ಸಿ.ಬಿ. ಸ್ವಿಚ್ ಇಳಿಸಿ, ನಡುವಿನ ಜಾಲರಿ ತೆಗೆದು ಟಾರ್ಚ್ ಹಾಕಿ. ಟ್ರೇ ತುಂಬಿದ್ದರೆ ಕೆಳಗೆ ಬಕೆಟ್ ಹಿಡಿದು ರಬ್ಬರ್ ಬೂಚನ್ನು ನಿಧಾನವಾಗಿ ಎಳೆಯಿರಿ. ನಿಧಾನವಾಗಿ ಎಂದರೆ ನಿಧಾನವಾಗಿಯೇ. ಒಮ್ಮೆಲೇ ಕಿತ್ತರೆ ನೀರು ತೋಳಿನೊಳಗೆ ಇಳಿದು ಬಗಲು ಸೇರುತ್ತದೆ. ಬಂದ ನೀರನ್ನು ಚೆಲ್ಲುವ ಮೊದಲು ನೋಡಿ. ಜೆಲ್ಲಿಯಂತೆ ಲೋಳೆ, ಪಾಚಿಯ ಎಳೆ, ಬಟ್ಟೆಯ ಧೂಳು ಇದ್ದರೆ ಪಂಪಿನ ಬಾಯಿ ಕಟ್ಟಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಎಂ.ಸಿ.ಬಿ. ಮತ್ತೆ ಏರಿಸಿ ಪಂಪಿಗೆ ಕಿವಿಗೊಡಿ. ಅದು ಗುಂಯ್ ಎನ್ನುತ್ತಿದ್ದರೂ ನೀರು ಎತ್ತದಿದ್ದರೆ, ಎಂ.ಸಿ.ಬಿ. ಇಳಿಸಿ ಅದನ್ನು ಬಿಚ್ಚಿ ಚಕ್ರಕ್ಕೆ ಸುತ್ತಿದ ಲೋಳೆ ತೆಗೆಯಿರಿ. ಸದ್ದೇ ಇಲ್ಲದಿದ್ದರೆ ಕನೆಕ್ಟರಿನಲ್ಲಿ ವೋಲ್ಟೇಜ್ ಬರುತ್ತಿದೆಯೇ ಅಳೆಯಿರಿ. ಕೆಲವು ಪಂಪ್ 230 ವೋಲ್ಟ್ ಎಸಿ (ಪರ್ಯಾಯ ವಿದ್ಯುತ್) ಬಳಸುವಂಥವು, ಕೆಲವು 12 ವೋಲ್ಟ್ ಡಿಸಿ (ನೇರ ವಿದ್ಯುತ್) ಬಳಸುವಂಥವು. ಲೇಬಲ್ ಓದದೆ ಮೀಟರ್ ಹಚ್ಚಬೇಡಿ, ಓದದೆ ಹೊಸ ಪಂಪನ್ನಂತೂ ತರಲೇಬೇಡಿ. ವೋಲ್ಟೇಜ್ ಬಂದೂ ಪಂಪ್ ತಿರುಗದಿದ್ದರೆ ಮಾತ್ರ ಪಂಪ್ ಸತ್ತಿದೆ.

ಪಕ್ಕದಲ್ಲೇ ಫ್ಲೋಟ್ ಸ್ವಿಚ್ ಇರುತ್ತದೆ. ನೀರು ಮಿತಿ ಮೀರಿದಾಗ ಅದು ಮೇಲೆದ್ದು ಕಂಪ್ರೆಸರನ್ನು ನಿಲ್ಲಿಸಬೇಕು, ಪಂಪ್ ಮಾತ್ರ ಓಡಬೇಕು. ಹಾಗಾಗಿ ಟ್ರೇ ತುಂಬಿ ಚೆಲ್ಲುತ್ತಿದ್ದರೂ ಎಸಿ ಆರಾಮವಾಗಿ ತಂಪು ಕೊಡುತ್ತಿದ್ದರೆ ಎರಡು ದೋಷಗಳಿವೆ ಎಂದರ್ಥ: ನೀರೂ ಹೊರಹೋಗುತ್ತಿಲ್ಲ, ಫ್ಲೋಟ್ ಸ್ವಿಚ್ಚೂ ಕೆಲಸ ಮಾಡುತ್ತಿಲ್ಲ. ಫ್ಲೋಟ್ ಲೋಳೆಗೆ ಅಂಟಿರಬಹುದು. ಅಥವಾ ಹಿಂದೆ ಬಂದವನು ಎರರ್ ಕೋಡಿನ ಕಿರಿಕಿರಿ ತಪ್ಪಿಸಲು ಅದರ ವೈರುಗಳನ್ನು ಒಟ್ಟಿಗೆ ತಿರುಚಿ ಟೇಪ್ ಸುತ್ತಿ ಹೋಗಿರಬಹುದು. ಇದನ್ನು ರಿಪೇರಿ ಎಂದು ಕರೆಯುವವರ ಜೊತೆ ನನಗೆ ಜಗಳವಿದೆ.

ಪಂಪ್, ಫ್ಲೋಟ್ ಎರಡೂ ಸರಿಯಿದ್ದರೆ ಪೈಪಿನ ಕಡೆ ತಿರುಗಿ. ಬಹಳಷ್ಟು ಮಾದರಿಗಳಲ್ಲಿ ಪಂಪ್ ಎತ್ತಬಲ್ಲದ್ದು ಸುಮಾರು 70ರಿಂದ 75 ಸೆಂ.ಮೀ. ಮಾತ್ರ, ನಿಖರ ಮಿತಿ ಆಯಾ ಕೈಪಿಡಿಯಲ್ಲಿರುತ್ತದೆ. ಮೇಲೇರುವ ಪೈಪು ಯಂತ್ರದಿಂದ 30 ಸೆಂ.ಮೀ. ಒಳಗೇ ಇರಬೇಕು. ಏರಿದ ಮೇಲೆ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು, ಒಂದರಿಂದ ಒಂದೂವರೆ ಮೀಟರಿಗೊಂದು ಹ್ಯಾಂಗರ್. ಹ್ಯಾಂಗರಿಗೆ ಜಿಪುಣತನ ಮಾಡಿದಲ್ಲಿ ಪಿವಿಸಿ ಪೈಪು ಜೋತು ಬಿದ್ದು, ಆ ತಗ್ಗಿನಲ್ಲಿ ನೀರು ನಿಂತು ಪಾಚಿ ಬೆಳೆಯುತ್ತದೆ.

ಆಫ್ ಮಾಡಿದ ಸ್ವಲ್ಪ ಹೊತ್ತಿಗೆ ಒಂದೇ ಮೂಲೆಯಿಂದ ಒಂದು ಲೋಟದಷ್ಟು ನೀರು ಬಿದ್ದು ನಿಲ್ಲುವ ದೂರು ಸ್ವಾರಸ್ಯಕರ. 25 ಮಿ.ಮೀ. ಒಳವ್ಯಾಸದ ಪೈಪು 60 ಸೆಂ.ಮೀ. ಏರಿದ್ದರೆ ಅದರೊಳಗೆ ಸುಮಾರು 300 ಮಿ.ಲೀ. ನೀರು ನಿಂತಿರುತ್ತದೆ. ಪಂಪ್ ನಿಂತೊಡನೆ ಅದು ಹಿಂದಕ್ಕೆ ಬರುವುದು ಸಹಜ, ಟ್ರೇಗೆ ಅಷ್ಟು ನೀರು ಭಾರವೂ ಅಲ್ಲ. ಆದರೆ ಯಂತ್ರ ಒಂದು ಕಡೆಗೆ ವಾಲಿದ್ದರೆ ಆ ಕಡೆಯ ಅಂಚಿನಿಂದ ಚೆಲ್ಲುತ್ತದೆ. ರಸಮಟ್ಟವನ್ನು ನಾಲ್ಕೂ ಮೂಲೆಗೆ ಇಟ್ಟು ನೋಡಿ, ಅಥವಾ ಗಾರೆಯವರ ಹಾಗೆ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ ಅಳೆಯಿರಿ. ವಾಲಿದ್ದರೆ ತೂಗುರಾಡುಗಳ ನಟ್ಟು ತಿರುಗಿಸಿ ಸಮ ಮಾಡಿ. ಕೂದಲೆಳೆಯಷ್ಟು ಇಳಿಜಾರು ಉಳಿಯುವುದೇ ಆದರೆ ಅದು ಪಂಪಿನ ಕಡೆಗಿರಲಿ, ಎದುರು ಬದಿಗೆ ಬೇಡ. ಹೊಸ ಪಂಪಿನ ದುಡ್ಡು ಉಳಿಯುವ ಕೆಲಸ ಇದು.

ಓಡಿ ಕೆಲವು ಗಂಟೆಗಳಾದ ಮೇಲೆ ಸೋರಿಕೆ ಶುರುವಾಗುತ್ತಿದ್ದರೆ ಕಾಯಿಲಿನ ಮೇಲೆ ಮಂಜುಗಡ್ಡೆ ಹುಡುಕಿ. ಫಿಲ್ಟರ್ ಕಟ್ಟಿ ಗಾಳಿ ಕಡಿಮೆಯಾಗಿದ್ದರೆ ಕಾಯಿಲು ಪೂರ್ತಿ ಬೆಳ್ಳಗಾಗುತ್ತದೆ. ಗ್ಯಾಸ್ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಗ್ಯಾಸ್ ಒಳಬರುವ ಭಾಗದಲ್ಲಷ್ಟೇ. ಕರಗುವಾಗ ಆ ನೀರು ಟ್ರೇಗೆ ಬೀಳದೆ ಆಚೆಗೂ ಹಾರುತ್ತದೆ. ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಫ್ಯಾನ್ ಮಾತ್ರ ಓಡಿಸಿ ಕರಗಲು ಬಿಡಿ.

ಬೆವರಿದ ನೀರು

ಟ್ರೇ ಖಾಲಿ, ಪಂಪ್ ಚೆನ್ನಾಗಿದೆ, ಆದರೂ ಹನಿ ಬೀಳುತ್ತಿದೆ ಎಂದರೆ ಗಾಳಿಯ ಕಡೆ ನೋಡಿ. 30 ಡಿಗ್ರಿ ಸೆಲ್ಸಿಯಸ್ ಮತ್ತು ಶೇ. 75 ತೇವಾಂಶವಿರುವ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯೂ ಬೆವರಲೇಬೇಕು. ಬೀದಿಗೆ ಬಾಗಿಲು ತೆರೆದಿಟ್ಟ ಕುಂಬಳೆಯ ಅಂಗಡಿಯೊಂದರಲ್ಲಿ ಎಸಿಯನ್ನು 18ಕ್ಕಿಟ್ಟು ಫ್ಯಾನನ್ನು ಕಡಿಮೆ ವೇಗದಲ್ಲಿ ಓಡಿಸಿದರೆ ರೆಕ್ಕೆಗಳು ಬೆವರದೆ ಏನು ಮಾಡಿಯಾವು? ಇಲ್ಲಿ ಯಂತ್ರದ ತಪ್ಪಿಲ್ಲ. ಬಾಗಿಲು ಮುಚ್ಚಿ, 24–25ಕ್ಕಿಟ್ಟು, ಫ್ಯಾನಿನ ವೇಗ ಹೆಚ್ಚಿಸಿ ಎಂದು ಧೈರ್ಯವಾಗಿ ಹೇಳಿ. ಬಿಡಿಭಾಗ ಬದಲಿಸದಿದ್ದರೂ ಕಾರಣ ಹುಡುಕಿದ್ದಕ್ಕೆ ಕೂಲಿ ಕೇಳುವುದು ನ್ಯಾಯವೇ.

ಪ್ಯಾನೆಲ್ ಮತ್ತು ಫಾಲ್ಸ್ ಸೀಲಿಂಗ್ ನಡುವೆ ಬಿರುಕು ಉಳಿದಿದ್ದರೆ ಮೇಲಿನ ಹಸಿ ಗಾಳಿ ಅಲ್ಲಿಂದಿಳಿದು ಅಂಚಿನಲ್ಲಿ ನೀರಾಗುತ್ತದೆ. ಪ್ಯಾನೆಲಿನ ಮೂಲೆ ಸ್ಕ್ರೂ ಬಿಗಿದು ಫೋಮ್ ಪಟ್ಟಿ ಸರಿಪಡಿಸಿದರೆ ಆಯಿತು. ಎಸಿಯಿಂದ ಮಾರು ದೂರದಲ್ಲಿ ಜಿಪ್ಸಂ ಹಲಗೆ ಕಂದಾಗಿದ್ದರೆ ಗ್ಯಾಸ್ ಪೈಪಿನ ಇನ್ಸುಲೇಷನ್ (ಹೊದಿಕೆ) ಮುಟ್ಟಿ ನೋಡಿ. ಜೋಡಣೆಯ ಬಳಿ ಅದು ಬಾಯಿ ಬಿಟ್ಟಿರುತ್ತದೆ. ಡ್ರೈನ್ ಪೈಪಿನಲ್ಲಿ ಹರಿಯುವ ನೀರೂ ತಣ್ಣಗೇ ಇರುವುದರಿಂದ ಚಾವಣಿಯೊಳಗೆ ಅದಕ್ಕೂ ಹೊದಿಕೆ ಬೇಕು.

ತೊಳೆಯುವುದು, ಪರೀಕ್ಷಿಸುವುದು

ಕಟ್ಟಿದ ಪೈಪಿಗೆ ಹೊರ ತುದಿಯಿಂದ ವ್ಯಾಕ್ಯೂಮ್ ಹಚ್ಚಿ ಎಳೆಯುವುದು ಒಳ್ಳೆಯದು. ಒಳಗಿನಿಂದ ಜೋರಾಗಿ ಗಾಳಿ ಊದಿದರೆ ಸಡಿಲವಾದ ಕ್ಲಾಂಪ್ ಚಾವಣಿಯೊಳಗೇ ಕಳಚೀತು. ನಮ್ಮಲ್ಲಿ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಮನೆಮನೆಯಲ್ಲೂ ಸಿಗುತ್ತದೆಂದು ಅದನ್ನು ಟ್ರೇಗೆ ಸುರಿಯಬೇಡಿ. ಅಲ್ಯೂಮಿನಿಯಂ, ತಾಮ್ರ ಎರಡನ್ನೂ ಅದು ತಿನ್ನುತ್ತದೆ. ಸೌಮ್ಯ ಸೋಪಿನ ನೀರು, ಮೆತ್ತಗಿನ ಬ್ರಷ್ ಸಾಕು. ಥರ್ಮೋಕೋಲ್ ಟ್ರೇಯಲ್ಲಿ ಬಿರುಕಿದೆಯೇ ಎಂದು ಹೊರಗಿಟ್ಟು ನೀರು ತುಂಬಿಸಿ ನೋಡಿ.

ಎಲ್ಲವನ್ನೂ ಜೋಡಿಸಿದ ಮೇಲೆ, ಪ್ಯಾನೆಲ್ ಮುಚ್ಚುವ ಮುನ್ನ, ವಿದ್ಯುತ್ ಪೆಟ್ಟಿಗೆಗೆ ತಾಗದಂತೆ ಟ್ರೇಗೆ ಒಂದೆರಡು ಲೀಟರ್ ನೀರು ನಿಧಾನವಾಗಿ ಸುರಿದು ಕೂಲಿಂಗ್‌ನಲ್ಲಿ ಓಡಿಸಿ. ಒಬ್ಬರು ಹೊರಗೆ ಪೈಪಿನ ತುದಿಯಲ್ಲಿ ನಿಲ್ಲಲಿ. ಆ ತುದಿ ಚರಂಡಿ ನೀರಿನಲ್ಲಿ ಮುಳುಗಿರಬಾರದು, ಶೌಚಾಲಯದ ಪೈಪಿಗೆ ಸೇರಿರಬಾರದು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ತೆರೆದ ಪೈಪಿನ ಬಾಯಿ ಎಂದರೆ ಬಲು ಇಷ್ಟ. ಬೇಸಿಗೆಯಲ್ಲಿ ಮುಚ್ಚಿದ್ದ ಅಂಗಡಿಯಾದರೆ ಅಲ್ಲಿಗೊಂದು ಕಡ್ಡಿ ತೂರಿಸಿ ನೋಡಿಯೇ ಏಣಿಯನ್ನು ಒಳಗೆ ತನ್ನಿ.